ಪಂಢರಪುರದ ವಾರಿ: ಮಳೆಗೆ ಹೊದ್ದದ್ದು, ಕಾಲಿಗೆ ಮೆಟ್ಟಿದ್ದು

ಜ್ಯೇಷ್ಠ ಬಹುಳ ಅಷ್ಟಮಿಯಂದು ಪುಣೆ ಬಳಿಯ ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಲ್ಲಕ್ಕಿಯೊಂದಿಗೆ ನಾನು ಮೂರು ಸಲ ಪಂಢರಪುರಕ್ಕೆ ನಡೆದಿದ್ದೇನೆ. ಈ ಕಾಲ್ನಡಿಗೆಯ ಯಾತ್ರೆಯೇ ವಾರಿ, ಇದರಲ್ಲಿ ನಡೆಯುವವರು ವಾರಕರಿಗಳು. ಸುಮಾರು 250 ಕಿಲೋಮೀಟರ್ ದಾರಿಯನ್ನು ಆಷಾಢ ಏಕಾದಶಿಯೊಳಗೆ ಮುಗಿಸಬೇಕು. ಮೊದಲ ಸಲ ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ, ಮೈಗಾಗಲಿ ಕಾಲಿಗಾಗಲಿ ನೀರು ತಾಗಬಾರದು. ಅದಕ್ಕೆಂದೇ ದಪ್ಪನೆಯ ರೇನ್‌ಕೋಟನ್ನೂ ನೀರು ಹೀರದ ಶೂಗಳನ್ನೂ ಕೊಂಡುಕೊಂಡೆ.

ಪುಣೆಯಿಂದ ಸಾಸವಡಕ್ಕೆ ನಡೆಯುವ ದಿನ ಎರಡೂ ಕೈಕೊಟ್ಟವು. ಅಂದಿನ ನಡಿಗೆ 30 ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ದಿವೆ ಘಾಟಿನ ಏರು ಬೇರೆ. ರೇನ್‌ಕೋಟಿನ ಹೊರಗೆ ಮಳೆ, ಒಳಗೆ ಬೆವರು. ಘಾಟಿನ ನೆತ್ತಿ ತಲುಪುವಷ್ಟರಲ್ಲಿ ಅಂಗಿಯನ್ನು ಹಿಂಡಬಹುದಾಗಿತ್ತು. ಮೊಣಕಾಲಿನಿಂದ ಇಳಿದ ನೀರು ಕಾಲುಚೀಲದ ಗುಂಟ ಶೂ ಸೇರಿ, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಂತುಬಿಟ್ಟಿತು. ಸಾಸವಡದ ಡೇರೆಯಲ್ಲಿ ಶೂ ಕಳಚಿ ನೋಡಿದರೆ ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿತ್ತು, ಎಡ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಗಲದ ಬೊಬ್ಬೆ ಎದ್ದು ಒಡೆದಿತ್ತು. ನಮ್ಮ ದಿಂಡಿಯಲ್ಲಿ, ಅಂದರೆ ಒಟ್ಟಿಗೆ ನಡೆಯುವ ತಂಡದಲ್ಲಿ, ಇದ್ದ ಬೆಳಗಾವಿ ಕಡೆಯ ಹಿರಿಯರೊಬ್ಬರು ಅದನ್ನು ನೋಡಿ, ವಾರಿಯಲ್ಲಿ ಎಲ್ಲರನ್ನೂ ತಾಯಿ ಎಂದು ಕರೆಯುವ ರೂಢಿಯಂತೆ, "ಮಾವುಲಿ, ನೀರು ಬಂದೇ ಬರ್ತದ. ಬಂದದ್ದು ಹೋಗಲಿಕ್ಕೆ ದಾರಿ ಬಿಡ್ರಿ" ಎಂದರು. ಮುಂದಿನ ಎರಡು ವಾರಿಗಳಿಗೆ ನಾನು ಕೊಂಡ ಒಂದೊಂದು ವಸ್ತುವನ್ನೂ ಈ ಮಾತಿಗೆ ಹಚ್ಚಿ ನೋಡಿಯೇ ಕೊಂಡಿದ್ದೇನೆ.

ಹೆಚ್ಚಿನ ವಾರಕರಿಗಳು ಪ್ಲಾಸ್ಟಿಕ್ ಹಾಳೆಯ ಮೂಲೆ ಮಡಚಿ, ನಮ್ಮ ಕಡೆ ಹೊಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಳ್ಳುವಂತೆ, ತಲೆಯಿಂದ ಬೆನ್ನ ಮೇಲೆ ಇಳಿಬಿಡುತ್ತಾರೆ. ಬದಿಗಳು ತೆರೆದಿರುವುದರಿಂದ ಗಾಳಿ ಆಡುತ್ತದೆ, ತಾಳ ಹಾಕಲು ಕೈಗಳೂ ಬಿಡುವಾಗಿರುತ್ತವೆ. ಅದೇ ಗುಣ ಇರುವ, ತಲೆಮುಸುಕು ಸೇರಿಯೇ ಹೊಲಿದ ತೆಳ್ಳನೆಯ ಪಾಂಚೊವನ್ನು (ತೋಳಿಲ್ಲದ ಮಳೆಹೊದಿಕೆ) ನಾನು ಆರಿಸಿಕೊಂಡೆ. ಅದು ಹೆಗಲ ಚೀಲವನ್ನೂ ಮುಚ್ಚುವಷ್ಟು ಅಗಲವಿರಬೇಕು, ಆದರೆ ಮೊಣಕಾಲಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಏರಿನಲ್ಲಿ ಕಾಲಿಗೆ ತೊಡರುತ್ತದೆ. ಸಾಲಾಗಿ ಒತ್ತೊತ್ತಾಗಿ ನಡೆಯುವ ದಿಂಡಿಯಲ್ಲಿ ಕೊಡೆಯ ಕಡ್ಡಿ ಪಕ್ಕದವರ ಕಣ್ಣಿಗೆ ತಾಗುವ ಭಯವಿರುವುದರಿಂದ ಕೊಡೆಯನ್ನು ಬೆಳಗಿನ ಜಾವ ನೀರಿನ ಟ್ಯಾಂಕರಿನ ಮುಂದೆ ನಿಲ್ಲುವುದಕ್ಕಷ್ಟೇ ಇಟ್ಟುಕೊಂಡೆ. ಒದ್ದೆಯಾದ ಹತ್ತಿಯ ಪಂಜೆ ಭಾರವಾಗಿ ತೊಡೆಸಂದನ್ನು ಉಜ್ಜುತ್ತದೆಂದು, ಬೇಗ ಒಣಗುವ ತೆಳು ಪಾಯಿಜಾಮ ಉಟ್ಟೆ.

ಪಾದರಕ್ಷೆಯ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ, ಕೊಡಲೇಬೇಕು. ಹಿಮ್ಮಡಿಗೆ ಪಟ್ಟಿಯಿರುವ, ರಬ್ಬರ್ ಅಟ್ಟೆಯ, ಎಲ್ಲ ಕಡೆ ತೆರೆದ ಸ್ಯಾಂಡಲ್ ನನ್ನ ಆಯ್ಕೆ. ದಿನವಿಡೀ ನಡೆದ ಕಾಲು ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆಯ ಹೊತ್ತು, ಒಂದಿಷ್ಟು ನಡೆದಾದ ಮೇಲೆ ಅಂಗಡಿಗೆ ಹೋಗಿ, ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಜಾಗ ಉಳಿಯುವ ಅಳತೆಯನ್ನು ಕೊಂಡೆ. ಬಳಿಕ ಎರಡು ತಿಂಗಳು ದಿನವೂ ಅದನ್ನೇ ಮೆಟ್ಟಿ ನಡೆದೆ. ಒಣಗಿದ್ದಾಗ ಹಿತವಾಗಿರುವ ಪಟ್ಟಿ ಒದ್ದೆಯಾದಾಗ ಚರ್ಮ ಕೀಳುವುದುಂಟು. ಅದಕ್ಕಾಗಿ ಸ್ಯಾಂಡಲನ್ನು ಬಕೆಟ್ ನೀರಿನಲ್ಲಿ ನೆನೆಸಿ ಐದು ಕಿಲೋಮೀಟರ್ ನಡೆದು ನೋಡಿದೆ. ಕಿರುಬೆರಳ ಬುಡದಲ್ಲಿ ಕೆಂಪಾಯಿತು. ವಾರಿಯಲ್ಲಿ ಪ್ರತಿ ಬೆಳಿಗ್ಗೆ ಅದೇ ಜಾಗಕ್ಕೆ ಬಟ್ಟೆಯ ಪಟ್ಟಿ ಅಂಟಿಸಿ, ಬೆರಳ ಸಂದುಗಳಿಗೆ ಕೊಬ್ಬರಿ ಎಣ್ಣೆ ಸವರಿ ಹೊರಟೆ.

ಅಟ್ಟೆಯ ಗೀರುಗಳನ್ನೂ ನೋಡಬೇಕು. ನೀರಾ ನದಿ ದಾಟಿ ಲೋಣಂದ, ಫಲಟಣದ ಕಡೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಆದರೆ ಎರೆಹೊಲದಲ್ಲಿ ಡೇರೆ ಬಿದ್ದ ರಾತ್ರಿ ಒಂದು ಹದ ಮಳೆ ಬಂದರೂ ಸಾಕು, ಆಳವಾದ ಕಿರಿದು ಗೀರುಗಳಲ್ಲಿ ಜಿಗುಟು ಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟವಾಗುತ್ತದೆ. ಅಗಲವಾದ ಗೀರುಗಳಾದರೆ ಕಡ್ಡಿಯಿಂದ ಒಮ್ಮೆ ಕೆರೆದರೆ ಮಣ್ಣು ಬಿಡುತ್ತದೆ. ಹವಾಯಿ ಚಪ್ಪಲಿ ಡೇರೆಯ ಒಳಹೊರಗೆ ಓಡಾಡಲು ಸರಿ. ಅದರಲ್ಲಿ ದೂರ ನಡೆದರೆ ಬೆರಳಿನಿಂದ ಹಿಡಿದು ಹಿಡಿದು ಮೀನಖಂಡ ನೋಯುತ್ತದೆ.

ಹರಕೆ ಹೊತ್ತು ಬರಿಗಾಲಲ್ಲೇ ನಡೆಯುವವರನ್ನು ಕಂಡರೆ ನನಗೆ ಭಕ್ತಿ ಹುಟ್ಟುತ್ತದೆ, ಆದರೆ ನನ್ನ ಕಾಲಿಗೆ ಆ ಶಕ್ತಿಯಿಲ್ಲ. ಆರತಿಯಲ್ಲಿ, ದಾರಿಯಲ್ಲಿ ಅಲ್ಲಲ್ಲಿ ನಡೆಯುವ ಕುದುರೆ ಓಟದ ಆಚರಣೆಯಾದ ರಿಂಗಣದಲ್ಲಿ ಮಾತ್ರ ಕಳಚುತ್ತೇನೆ. ರಿಂಗಣದಲ್ಲಿ ಓಡುವ ಕುದುರೆಗಳು ನಮ್ಮ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ನಡೆದು ಬಂದವು. ಅವುಗಳ ಗೊರಸು ತಾಗಿದ ಮಣ್ಣನ್ನು ಜನರು ಹಣೆಗಿಟ್ಟುಕೊಳ್ಳುವಾಗ ಅಲ್ಲಿ ಮೆಟ್ಟಿಕೊಂಡು ನಿಲ್ಲುವುದಾದರೂ ಹೇಗೆ? ಕಳಚಿದ ಜೋಡನ್ನು ಬಿಟ್ಟು ಹೋದರೆ ಆ ಜನಸಾಗರದಲ್ಲಿ ಮತ್ತೆ ಸಿಗದು. ಅದಕ್ಕೆಂದೇ ಸೊಂಟಕ್ಕೆ ಒಂದು ಬಟ್ಟೆಚೀಲ ಕಟ್ಟಿಕೊಂಡಿರುತ್ತೇನೆ.

ಹಾಸಿಗೆ, ಬಟ್ಟೆಗಳು ದಿಂಡಿಯ ಲಾರಿಯಲ್ಲಿ ಹೋಗುತ್ತವೆ. ಮೊದಲ ವರ್ಷ ಲಾರಿಯ ತಾಡಪಾಲು ಸೋರಿ ಗಂಟೆಲ್ಲ ನೆನೆದಿತ್ತು. ಈಗ ಎಲ್ಲವನ್ನೂ ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತೇನೆ. ಅದರೊಳಗೆ ರಾತ್ರಿ ಮಾತ್ರ ತೊಡುವ ಒಣ ಕಾಲುಚೀಲ ಒಂದು ಜೊತೆ ಇದ್ದೇ ಇರುತ್ತದೆ.

ಕಳೆದ ಸಲ ಫಲಟಣ ದಾಟಿದ ಮೇಲೆ ಬಲಗಾಲಿನ ಪಟ್ಟಿ ಬುಡದಲ್ಲೇ ಕಿತ್ತುಬಂತು. ರಸ್ತೆಬದಿಯ ಜಾಲಿಮರದ ಕೆಳಗೆ ಕುಳಿತಿದ್ದ ಚಮ್ಮಾರರೊಬ್ಬರು ಮೇಣ ಹಚ್ಚಿದ ದಾರದಿಂದ ಅದನ್ನು ಅಡ್ಡಡ್ಡ ಎರಡು ಸಾಲು ಹೊಲಿದು, ವಾರಕರಿಗಳಿಂದ ಹಣ ಪಡೆಯುವುದಿಲ್ಲವೆಂದು ಕೈ ಮುಗಿದರು. ಬರೀ ಅಂಟಿನ ಮೇಲೆ ನಿಂತ ಪಟ್ಟಿಯನ್ನು ನಂಬಬೇಡಿ ಎಂದೂ ಹೇಳಿದರು. ಈ ಸಲ ಕೊಂಡ ಹೊಸ ಜೋಡಿನ ಎಲ್ಲ ಪಟ್ಟಿಗಳನ್ನೂ ಹೊರಡುವ ಮೊದಲೇ ಹಾಗೆಯೇ ಹೊಲಿಸಿಟ್ಟಿದ್ದೇನೆ.