ಮರೆವಿನ ಕಾಯಿಲೆಯವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ

ಡಿಮೆನ್ಷಿಯಾ ಇರುವವರಿಗೆ ‘ಇನ್ನು ಮುಂದೆ ಅಲ್ಲಿರುತ್ತೀರಿ’ ಎಂದು ಎಷ್ಟು ಬಿಡಿಸಿ ಹೇಳಿದರೂ ಮಾತು ಮರೆತುಹೋಗುತ್ತದೆ, ಕಳವಳ ಮಾತ್ರ ಉಳಿಯುತ್ತದೆ. ಕೈಕಾಲಿನ ರೂಢಿ ಅಷ್ಟು ಬೇಗ ಅಳಿಯುವುದಿಲ್ಲ. ಆದ್ದರಿಂದ ತಯಾರಿ ಮಾತಿಗಿಂತ ಅವರು ಇರಲಿರುವ ಕೋಣೆಯಲ್ಲಿ ನಡೆಯಲಿ.

ಕೇಂದ್ರ ನೋಡಲು ಸಂಜೆ 5ರಿಂದ 7ರೊಳಗೆ ಹೋಗಿ. ಅನೇಕರಿಗೆ ಗಲಿಬಿಲಿ, ಅಲೆದಾಟ ಹೆಚ್ಚುವುದು ಆ ಹೊತ್ತಿಗೆ. ಸಿಬ್ಬಂದಿಯ ತಾಳ್ಮೆ ಆಗ ತಿಳಿಯುತ್ತದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಹಾಸಿಗೆ ಹಿಡಿದರೂ ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಬರೆಸಿಕೊಳ್ಳಿ.

ಸೇರಿಸುವ ಹಿಂದಿನ ದಿನವೇ ಕೇಂದ್ರದಲ್ಲಿ ಕೋಣೆ ಅಣಿಯಾಗಲಿ. ಮನೆಯಲ್ಲಿ ಮಂಚದ ಯಾವ ಮಗ್ಗುಲಿಂದ ಇಳಿದು, ಯಾವ ಕಡೆ ತಿರುಗಿ ಶೌಚಾಲಯಕ್ಕೆ ಹೋಗುತ್ತಿದ್ದರೋ, ಸಾಧ್ಯವಾದಷ್ಟು ಇಲ್ಲಿಯೂ ಹಾಗೇ ಇರಲಿ. ಇಲ್ಲವಾದರೆ ನಡುರಾತ್ರಿ ನಿದ್ದೆಗಣ್ಣಲ್ಲಿ ಎದ್ದವರು ಹಳೆಯ ದಾರಿ ಹಿಡಿದು ಗೋಡೆ ತಡವುತ್ತಾರೆ, ಬೀಳುತ್ತಾರೆ. ಶೌಚಾಲಯದಲ್ಲಿ ಸಣ್ಣ ದೀಪ ಉರಿಯಲಿ. ಹೊದಿಕೆ ಹಳೆಯದೇ ಇರಲಿ, ಒಗೆಯದೆ ತನ್ನಿ. ಅದರ ವಾಸನೆಯೇ ಅವರಿಗೆ ಗುರುತು. ಕಪ್ಪು ಕಾಲೊರಸು ಅವರ ಕಣ್ಣಿಗೆ ನೆಲದಲ್ಲಿನ ಗುಂಡಿಯಂತೆ ಕಾಣಬಹುದು, ತೆಗೆದುಬಿಡಿ.

ಸಿಬ್ಬಂದಿಗೆ ಒಂದೇ ಪುಟ ಬರೆದುಕೊಡಿ: ಯಾವ ಹೆಸರಿಗೆ ಓಗೊಡುತ್ತಾರೆ, ಸ್ನಾನ ಎಷ್ಟು ಹೊತ್ತಿಗೆ, ನೋವಾದರೆ ಹೇಗೆ ತೋರಿಸುತ್ತಾರೆ. ಸಿಟ್ಟು ಬರುವ ಮೊದಲು ಅಂಗಿಯ ಗುಂಡಿ ತಿರುವುತ್ತಾರೆ ಎನ್ನುವಂಥ ಸಣ್ಣ ಸಂಗತಿಗೆ ಬೆಲೆ ಹೆಚ್ಚು. ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, 2 ವಾರಕ್ಕಾಗುವಷ್ಟು, ವೈದ್ಯರ ಚೀಟಿಯ ಜೊತೆ ಕೊಡಿ. ಕಾಯಿಲೆ ಡಿಮೆನ್ಷಿಯಾದ ಒಂದು ಬಗೆಯಾದ ಲೆವಿ ಬಾಡಿ ಡಿಮೆನ್ಷಿಯಾ ಆಗಿದ್ದರೆ ‘ಹ್ಯಾಲೊಪೆರಿಡಾಲ್ ಕೊಡಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆಯಿರಿ. ಗಲಾಟೆ ಅಡಗಿಸಲು ಕೊಡುವ ಈ ಔಷಧ ಅವರ ಪ್ರಾಣಕ್ಕೇ ಎರವಾಗಬಹುದು.

ಹೊರಡುವುದು ಬೆಳಿಗ್ಗೆ, ತಿಂಡಿಯಾದ ಮೇಲೆ. ಜೊತೆಗೆ ಇಬ್ಬರು ಸಾಕು. ಪೆಟ್ಟಿಗೆಗಳು ಕಣ್ಣಿಗೆ ಬೀಳದಿರಲಿ. ಊಟಕ್ಕೆ ಕೂರಿಸಿ, ಕೇಂದ್ರದವರೊಬ್ಬರು ಪಕ್ಕದಲ್ಲಿ ಕೂತ ಮೇಲೆ ಎದ್ದು ಬನ್ನಿ. ಬಾಗಿಲಲ್ಲಿ ನಿಂತು ಅಳುತ್ತಾ ಬೀಳ್ಕೊಟ್ಟರೆ ಅವರೂ ಹಿಂದೆಯೇ ಹೊರಡುತ್ತಾರೆ.

‘ಮನೆಗೆ ಯಾವಾಗ?’ ಎಂದು ಕೇಳುತ್ತಾರೆ, ಹತ್ತಾರು ಸಲ. ‘ಇದೇ ಮನೆ’ ಎಂದು ವಾದಿಸಬೇಡಿ. ‘ಮನೆ ನೆನಪಾಯಿತಾ?’ ಎಂದು ಕೈ ಹಿಡಿದು, ಅಲ್ಲಿನ ಮಾತು ತೆಗೆಯಿರಿ. ಎಷ್ಟೋ ಸಲ ಆ ಪ್ರಶ್ನೆಯ ಹಿಂದೆ ಮೂತ್ರದ ಅವಸರವೋ ಹಸಿವೋ ಇರುತ್ತದೆ. ಮೊದಲು ಅದನ್ನು ವಿಚಾರಿಸಿ.

ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಆದರೆ ಒಂದೆರಡು ದಿನದಲ್ಲೇ ಮಂಕಾದರೆ, ಇಲ್ಲದ್ದನ್ನು ಕಾಣತೊಡಗಿದರೆ, ‘ಹೊಸ ಜಾಗ, ಹಾಗೇ’ ಎಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು ಹೀಗೆ ಮಾಡುತ್ತವೆ. ಅದೇ ದಿನ ವೈದ್ಯರಿಗೆ ತೋರಿಸಿ. ಸೇರಿದ ದಿನದ ತೂಕ ಬರೆದಿಟ್ಟು, ಪ್ರತಿ ತಿಂಗಳೂ ನೋಡಿಸಿ. ಊಟ ಸೇರುತ್ತಿಲ್ಲವೆಂದು ಅವರು ಬಾಯಿಬಿಟ್ಟು ಹೇಳಲಾರರು.