ಗೋಲಿ, ಪೇಪರ್ ಕಪ್, ಒಂದು ಮೀಟರ್ ಕೇಸಿಂಗ್: ಶಕ್ತಿಯ ರೂಪಾಂತರವನ್ನು ಅಳೆಯುವುದು ಹೇಗೆ?

‘ಪ್ರಚ್ಛನ್ನ ಶಕ್ತಿಯು ಚಲನ ಶಕ್ತಿಯಾಗಿ ಮಾರ್ಪಡುತ್ತದೆ’ ಎಂಬ ವಾಕ್ಯ ಏಳು, ಎಂಟನೇ ತರಗತಿಯ ಮಕ್ಕಳಿಗೆ ಬಾಯಿಪಾಠ. ಎಷ್ಟು ಮಾರ್ಪಟ್ಟಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ವಿಜ್ಞಾನ ಮೇಳ ಬಂತೆಂದರೆ ಥರ್ಮೋಕೋಲಿನ ಅಣೆಕಟ್ಟಿಗೆ ನೀಲಿ ಬಣ್ಣ ಬಳಿದು ತರುವವರೇ ಹೆಚ್ಚು. ನೋಡಲು ಚಂದ, ಆದರೆ ಅದರಲ್ಲಿ ಅಳೆಯಲು ಏನೂ ಇಲ್ಲ. ಅದರ ಕಾಲು ಭಾಗ ಖರ್ಚಿನಲ್ಲಿ, ಮನೆಯ ಚಾವಡಿಯಲ್ಲೇ ಲೆಕ್ಕ ಸಿಗುವ ಪ್ರಯೋಗವೊಂದು ಇಲ್ಲಿದೆ.

ಮೊದಲು ಎರಡು ಸೂತ್ರ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿ = ದ್ರವ್ಯರಾಶಿ × 9.8 × ಎತ್ತರ (9.8 ಎಂಬುದು ಭೂಮಿಯ ಸೆಳೆತದ ಅಂಕಿ). ಚಲಿಸುವ ವಸ್ತುವಿನ ಚಲನ ಶಕ್ತಿ = ½ × ದ್ರವ್ಯರಾಶಿ × ವೇಗ × ವೇಗ. ದ್ರವ್ಯರಾಶಿ ಕಿಲೋಗ್ರಾಂನಲ್ಲಿ, ಎತ್ತರ ಮೀಟರಿನಲ್ಲಿ, ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಇದ್ದರೆ ಉತ್ತರ ಜೂಲ್‌ನಲ್ಲಿ ಬರುತ್ತದೆ. 15 ಮೀಟರ್ ಎತ್ತರದ ತೆಂಗಿನ ಮರದಲ್ಲಿ ಸಿಪ್ಪೆ ಸಮೇತ ಒಂದೂವರೆ ಕೆ.ಜಿ. ತೂಗುವ ಕಾಯಿ ಇದೆ ಎನ್ನಿ. 1.5 × 9.8 × 15 ಅಂದರೆ ಸುಮಾರು 220 ಜೂಲ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 60 ಕಿ.ಮೀ. ಇದೇ 220 ಜೂಲ್ 10 ವ್ಯಾಟಿನ ಎಲ್ಇಡಿ ಬಲ್ಬನ್ನು ಉರಿಸುವುದು ಬರೀ 22 ಸೆಕೆಂಡು. ಬಲ್ಬಿನ ಲೆಕ್ಕದಲ್ಲಿ ಜುಜುಬಿ, ತಲೆಯ ಲೆಕ್ಕದಲ್ಲಿ ಅಲ್ಲ. ಕಾಯಿ ಕೀಳಿಸುವಾಗ ಮರದ ಬುಡದಿಂದ ಎಲ್ಲರನ್ನೂ ದೂರ ಕಳಿಸುವುದು ಇದಕ್ಕೇ.

ಬೇಕಾದ ಸಾಮಾನು

ಎಲೆಕ್ಟ್ರಿಷಿಯನ್‌ಗಳು ಗೋಡೆಗೆ ಹೊಡೆಯುವ ಪಿವಿಸಿ ಕೇಸಿಂಗ್ ಪಟ್ಟಿ ಸುಮಾರು ಒಂದು ಮೀಟರ್. ಮೇಲಿನ ಮುಚ್ಚಳ ಬೇಡ, ತೋಡಿನಂತಿರುವ ತಳಭಾಗ ಸಾಕು. ಅಂಗಡಿಗೆ ಹೋಗುವಾಗ ಗೋಲಿಯನ್ನು ಜೇಬಿನಲ್ಲಿ ಒಯ್ಯಿರಿ. ಗೋಲಿ ಪಟ್ಟಿಯ ತಳದಲ್ಲೇ ಕೂರಬೇಕು, ಎರಡೂ ಅಂಚಿಗೆ ಒತ್ತಿಕೊಳ್ಳಬಾರದು. ಅಂಚಿನ ಮೇಲೆ ಸಿಕ್ಕಿಕೊಂಡು ಉರುಳಿದರೆ ಘರ್ಷಣೆ ಹೆಚ್ಚಾಗಿ ಲೆಕ್ಕ ಕೆಡುತ್ತದೆ. ಸಾಮಾನ್ಯ ಗಾಜಿನ ಗೋಲಿಗೆ 16 ಮಿ.ಮೀ. ವ್ಯಾಸ, ಐದು ಗ್ರಾಂ ಚಿಲ್ಲರೆ ತೂಕ. ಇವಲ್ಲದೆ ಚಹಾದ ಪೇಪರ್ ಕಪ್ ಎರಡು, ಸೆಲ್ಲೋ ಟೇಪ್, ಸ್ಕೇಲ್, ಅಳತೆ ಟೇಪು, ಪಟ್ಟಿಯನ್ನು ಎತ್ತಿಡಲು ಪುಸ್ತಕಗಳು, ವಿಡಿಯೊ ತೆಗೆಯಲು ಒಂದು ಮೊಬೈಲ್.

ಹಂತ 1: ನೆಲ ಪರೀಕ್ಷೆ

ಇದನ್ನು ಬಿಟ್ಟವರದೇ ಅರ್ಧ ಪ್ರಯೋಗ ಕೆಡುವುದು. ಜಗಲಿ, ಅಂಗಳದ ನೆಲಕ್ಕೆ ಮಳೆನೀರು ಹರಿದುಹೋಗಲೆಂದು ವಾಟ ಕೊಟ್ಟಿರುತ್ತಾರೆ. ಗೋಲಿಯನ್ನು ನೆಲದ ಮೇಲಿಟ್ಟು ಕೈ ಬಿಡಿ. ತಾನಾಗಿ ಉರುಳಿದರೆ ಆ ಜಾಗ ಬೇಡ. ಒಳಗಿನ ಕೋಣೆಯಲ್ಲಿ ಒಂದೂವರೆ ಮೀಟರ್ ಉದ್ದದ ಸಮತಟ್ಟು ನೆಲ ಹುಡುಕಿ. ಟೈಲ್ಸ್ ಆದರೆ ಸಂದುಗೆರೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ರೆಡ್ ಆಕ್ಸೈಡ್ ನೆಲ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಹಂತ 2: ಇಳಿಜಾರು

ಪಟ್ಟಿಯ ಒಂದು ತುದಿಯನ್ನು ಪುಸ್ತಕಗಳ ಮೇಲಿಡಿ. ಇನ್ನೊಂದು ತುದಿಯ ಸುಮಾರು 15 ಸೆಂ.ಮೀ. ನೆಲಕ್ಕೆ ಒರಗಿ ಮಲಗುವಂತೆ ಬಗ್ಗಿಸಿ ಟೇಪ್ ಹಚ್ಚಿ. ಮೂಲೆಯಂತೆ ಮಡಿಸಬಾರದು, ನಿಧಾನಕ್ಕೆ ಬಾಗಬೇಕು. ಮೂಲೆಯಿದ್ದರೆ ಗೋಲಿ ಅಲ್ಲಿ ‘ಟಕ್’ ಎಂದು ಕುಟ್ಟಿ ಪುಟಿಯುತ್ತದೆ. ಆ ಸದ್ದು ಕೇಳಿತು ಎಂದರೆ ಒಂದಿಷ್ಟು ಶಕ್ತಿ ಅಲ್ಲೇ ಖರ್ಚಾಯಿತು ಎಂದೇ ಅರ್ಥ.

ಈಗ ಪಟ್ಟಿಯ ಮೇಲೆ 10, 20, 30, 40 ಸೆಂ.ಮೀ. ಗುರುತು ಹಾಕಿ. ಈ ಅಳತೆ ನೆಲದಿಂದ ನೇರ ಮೇಲಕ್ಕೆ, ಪಟ್ಟಿಯ ಉದ್ದಕ್ಕೆ ಅಲ್ಲ. ಸೂತ್ರದಲ್ಲಿರುವುದು ಎತ್ತರ ಮಾತ್ರ, ಗೋಲಿ ಬಂದ ದಾರಿಯ ಉದ್ದ ಅದರಲ್ಲಿಲ್ಲ. ಪುಸ್ತಕ ಕದಲಿದರೆ ಗುರುತುಗಳೆಲ್ಲ ತಪ್ಪುತ್ತವೆ, ಮೇಲಿನ ತುದಿಗೂ ಟೇಪ್ ಇರಲಿ.

ಹಂತ 3: ಕಪ್

ಕಪ್ಪನ್ನು ಬೋರಲು ಹಾಕಿ ಬಾಯಂಚಿನಲ್ಲಿ 3 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ ಬಾಗಿಲು ಕತ್ತರಿಸಿ. ಬಾಗಿಲನ್ನು ಪಟ್ಟಿಯ ಕೊನೆಗೆ ಎದುರಾಗಿ, ಒಂದು ಸೆಂ.ಮೀ. ಬಿಟ್ಟು ಇಡಿ. ಗೋಲಿ ಒಳಹೊಕ್ಕು ಹಿಂದಿನ ಗೋಡೆಗೆ ಹೊಡೆದು ಕಪ್ಪನ್ನು ತಳ್ಳಿಕೊಂಡು ಹೋಗುತ್ತದೆ. ಕಪ್ಪು ಎಷ್ಟು ದೂರ ಜಾರಿತೋ ಅದೇ ನಮ್ಮ ಮಾಪಕ. ಘರ್ಷಣೆಯ ಬಲ ಒಂದೇ ಆಗಿರುವುದರಿಂದ, ಎರಡು ಪಟ್ಟು ಶಕ್ತಿ ಬಂದರೆ ಎರಡು ಪಟ್ಟು ದೂರ ಜಾರಬೇಕು. ಕಪ್ಪು ವಿಪರೀತ ದೂರ ಹೋದರೆ ಅದರ ನೆತ್ತಿಯ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿ. ಒಮ್ಮೆ ಅಂಟಿಸಿದ ಮೇಲೆ ಪ್ರಯೋಗ ಮುಗಿಯುವ ತನಕ ತೆಗೆಯಬೇಡಿ.

ಗೋಲಿಯನ್ನು 10 ಸೆಂ.ಮೀ. ಗುರುತಿನಲ್ಲಿ ಸ್ಕೇಲ್ ಅಡ್ಡ ಹಿಡಿದು ನಿಲ್ಲಿಸಿ, ಸ್ಕೇಲನ್ನು ಇಳಿಜಾರಿನ ಕಡೆಗೆ ಸರ್ರನೆ ಎಳೆಯಿರಿ. ಬೆರಳಿನಿಂದ ಬಿಟ್ಟರೆ ಗೊತ್ತಿಲ್ಲದೆಯೇ ತಳ್ಳಿರುತ್ತೀರಿ. ಪ್ರತಿ ಎತ್ತರಕ್ಕೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಕಪ್ಪು ತಿರುಗಿಕೊಂಡ ಅಥವಾ ಎಗರಿದ ಸಲಗಳನ್ನು ಬಿಟ್ಟುಬಿಡಿ. 10ರಿಂದ 20ಕ್ಕೆ ಹೋದಾಗ ದೂರ ಸುಮಾರು ಇಮ್ಮಡಿ, 30ಕ್ಕೆ ಮುಮ್ಮಡಿ ಆಗುವುದು ಕಾಣಬೇಕು. ಅಲ್ಪಸ್ವಲ್ಪ ಹೆಚ್ಚುಕಡಿಮೆ ಬಂದರೆ ಹಾಗೆಯೇ ಬರೆಯಿರಿ. ತೀರಾ ಸರಿಯಾಗಿ ಬಂದ ಅಂಕಿ ನೋಡಿದರೆ ಮೇಳದ ತೀರ್ಪುಗಾರರಿಗೆ ಅನುಮಾನ ಬರುತ್ತದೆ.

ಮಳೆಗಾಲದಲ್ಲಿ ಒಂದು ತಾಪತ್ರಯ ಇದೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ನೆಲ ಬೆವರುತ್ತದೆ, ಕಪ್ಪಿನ ಅಂಚೂ ತೇವ ಹೀರಿ ಮೆತ್ತಗಾಗುತ್ತದೆ. ಬೆಳಿಗ್ಗೆ ಸಿಕ್ಕಿದ ದೂರ ಸಂಜೆ ಸಿಗುವುದಿಲ್ಲ. ನೆಲ ಒರೆಸಿ ಫ್ಯಾನ್ ಹಾಕಿ ಒಣಗಿಸಿ (ಪ್ರಯೋಗದ ಹೊತ್ತಿಗೆ ಫ್ಯಾನ್ ಆಫ್ ಇರಲಿ, ಹಗುರದ ಕಪ್ಪು ಗಾಳಿಗೆ ಅಲುಗುತ್ತದೆ) ಮತ್ತು ಎಲ್ಲ ಅಳತೆಯನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿ. ಎರಡನೆಯ ಕಪ್ ಇರುವುದು ಮೊದಲಿನದು ಹಾಳಾದರೆ ಎಲ್ಲವನ್ನೂ ಮೊದಲಿನಿಂದ ಮಾಡಲಿಕ್ಕೆ, ನಡುವೆ ಬದಲಾಯಿಸಲಿಕ್ಕಲ್ಲ.

ಹಂತ 4: ವೇಗ ಅಳೆಯುವುದು

ಕಪ್ ತೆಗೆದಿಡಿ. ಪಟ್ಟಿ ಮುಗಿದಲ್ಲಿಂದ ಮುಂದಕ್ಕೆ ನೆಲದ ಮೇಲೆ 60 ಸೆಂ.ಮೀ. ಅಂತರದಲ್ಲಿ ಎರಡು ತುಂಡು ಟೇಪ್ ಹಚ್ಚಿ. ಸ್ಟಾಪ್‌ವಾಚ್ ಇಲ್ಲಿ ಕೆಲಸಕ್ಕೆ ಬಾರದು. ಗೋಲಿ ಅರ್ಧ ಸೆಕೆಂಡಿನಲ್ಲಿ ದಾಟಿಹೋಗುತ್ತದೆ, ನಿಮ್ಮ ಹೆಬ್ಬೆರಳು ಗುಂಡಿ ಒತ್ತುವುದಕ್ಕೇ ಸೆಕೆಂಡಿನ ಐದನೇ ಒಂದು ಪಾಲು ಬೇಕು. ಮೊಬೈಲನ್ನು ಎರಡೂ ಟೇಪ್ ಕಾಣುವ ಹಾಗೆ ಮೇಲಿನಿಂದ ಅಲುಗದಂತೆ ನಿಲ್ಲಿಸಿ ವಿಡಿಯೊ ಮಾಡಿ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಮೊದಲ ಟೇಪಿನಿಂದ ಎರಡನೆಯದಕ್ಕೆ ಎಷ್ಟು ಫ್ರೇಮ್ ಎಂದು ಒಂದೊಂದಾಗಿ ಸರಿಸಿ ಎಣಿಸಿ.

10 ಸೆಂ.ಮೀ. ಎತ್ತರದಿಂದ ಬಿಟ್ಟರೆ 15ರ ಮೇಲೆ ಒಂದೆರಡು, 40ರಿಂದ ಬಿಟ್ಟರೆ ಎಂಟರ ಆಸುಪಾಸು ಫ್ರೇಮ್ ಬರುತ್ತದೆ. ಎತ್ತರ ನಾಲ್ಕು ಪಟ್ಟಾದರೂ ವೇಗ ಎರಡೇ ಪಟ್ಟು! ಸೂತ್ರದಲ್ಲಿ ವೇಗವನ್ನು ಎರಡು ಸಲ ಗುಣಿಸಿದ್ದರ ಪರಿಣಾಮ ಇದು. ಹೈವೇಯಲ್ಲಿ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ: 40 ಕಿ.ಮೀ. ವೇಗದ ಬಸ್ಸು 80ಕ್ಕೆ ಏರಿದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು, ಬ್ರೇಕ್ ಹಿಡಿದ ಮೇಲೆ ಓಡುವ ದೂರವೂ ನಾಲ್ಕು ಪಟ್ಟು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರಿಗೆ ಸೂತ್ರ ಹೇಳಿಕೊಡಬೇಕಾಗಿಲ್ಲ.

ಜಾಣ ಮಕ್ಕಳು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. ಎರಡು ಸೂತ್ರಗಳನ್ನು ಸಮ ಮಾಡಿ ಲೆಕ್ಕ ಹಾಕಿದರೆ 10 ಸೆಂ.ಮೀ. ಇಳಿದ ಗೋಲಿಯ ವೇಗ ಸೆಕೆಂಡಿಗೆ 1.4 ಮೀಟರ್ ಆಗಬೇಕು. ವಿಡಿಯೊದಲ್ಲಿ ಸಿಕ್ಕಿದ್ದು 1.2ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಘರ್ಷಣೆಗೆ ಹೋಯಿತೇ? ಇಲ್ಲ. ಗೋಲಿ ಮುಂದೆ ಹೋಗುವುದರ ಜೊತೆಗೆ ತನ್ನ ಸುತ್ತ ತಿರುಗುತ್ತಲೂ ಇದೆ, ತಿರುಗುವುದಕ್ಕೂ ಚಲನ ಶಕ್ತಿ ಬೇಕು. ಜಾರದೆ ಉರುಳುವ ಗಟ್ಟಿ ಗೋಲಿಯಲ್ಲಿ ಏಳು ಪಾಲಿನಲ್ಲಿ ಐದು ಮುಂದೋಟಕ್ಕೆ, ಎರಡು ತಿರುಗಾಟಕ್ಕೆ. ಈ ಲೆಕ್ಕದಲ್ಲಿ ವೇಗ 1.18 ಬರುತ್ತದೆ. ಅದಕ್ಕಿಂತಲೂ ಕಡಿಮೆಯಾದ ಚೂರು ಮಾತ್ರ ಘರ್ಷಣೆಯದು.

ಕೊನೆಗೆ ಎಲ್ಲವೂ ನಿಂತಿತಲ್ಲ, ಶಕ್ತಿ ಎಲ್ಲಿ? ಕಪ್ಪು, ನೆಲ, ಗೋಲಿ ಅಷ್ಟಷ್ಟು ಬಿಸಿಯಾಗಿವೆ. ಮುಟ್ಟಿ ನೋಡಿದರೆ ತಿಳಿಯದು. ಐದು ಗ್ರಾಂ ಗೋಲಿ 20 ಸೆಂ.ಮೀ. ಇಳಿದಾಗ ಸಿಗುವುದು 0.0098 ಜೂಲ್. ಅಷ್ಟನ್ನೂ ಗೋಲಿಯೊಂದೇ ಹೀರಿಕೊಂಡರೂ ಅದು ಬಿಸಿಯಾಗುವುದು ಒಂದು ಡಿಗ್ರಿಯನ್ನು ನಾನೂರು ಪಾಲು ಮಾಡಿದರೆ ಒಂದು ಪಾಲು.

ಗ್ಯಾರೇಜಿನಲ್ಲಿ ಅದೇ ಗಾತ್ರದ ಬೇರಿಂಗ್ ಗುಂಡು ಸಿಕ್ಕರೆ ಕಪ್ಪಿಗೆ ಹೊಡೆಸಿ ನೋಡಿ. ಉಕ್ಕಿನ ಗುಂಡು ಗಾಜಿನದಕ್ಕಿಂತ ಸುಮಾರು ಮೂರು ಪಟ್ಟು ಭಾರ. ಕಪ್ಪು ಮಾತ್ರ ಮೂರು ಪಟ್ಟಿಗಿಂತ ಹೆಚ್ಚು ದೂರ ಹೋಗುತ್ತದೆ. ಹಗುರ ಗೋಲಿ ಕಪ್ಪಿಗೆ ಬಡಿಯುವಾಗಲೇ ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಭಾರದ ಗುಂಡು ಅಷ್ಟು ಕಳೆದುಕೊಳ್ಳುವುದಿಲ್ಲ. ಹಾಗಾಗಿ ಎತ್ತರದ ಕೋಷ್ಟಕವನ್ನೂ ಭಾರದ ಕೋಷ್ಟಕವನ್ನೂ ಬೇರೆ ಬೇರೆ ಬರೆಯಿರಿ.

ವರದಿಗೆ ಊರಿನದೇ ಉದಾಹರಣೆ ಬೇಕಿದ್ದರೆ ಕುಂದಾಪುರ ತಾಲೂಕಿನ ಹೊಸಂಗಡಿ ಇದೆ. ಘಟ್ಟದ ಮೇಲಿನ ಮಾಣಿ ಅಣೆಕಟ್ಟೆಯ ನೀರು ಸುಮಾರು 450 ಮೀಟರ್ ಕೆಳಗಿಳಿದು ವಾರಾಹಿ ಭೂಗರ್ಭ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. 115 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 460 ಮೆಗಾವ್ಯಾಟ್. ಅಲ್ಲಿ ಸಾವಿರ ಲೀಟರ್ ನೀರು ಇಳಿದರೆ 1000 × 9.8 × 450, ಅಂದರೆ 44,10,000 ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 36,00,000 ಜೂಲ್. ದಾರಿಯಲ್ಲಿ ಕಳೆದುಹೋಗುವುದನ್ನು ಸೇರಿಸದಿದ್ದರೆ 1.2 ಯೂನಿಟ್ ಆಯಿತು. ಅದೇ ಸಾವಿರ ಲೀಟರ್ ನಿಮ್ಮ ಮನೆಯ ತಾರಸಿಯ ಟ್ಯಾಂಕಿನಲ್ಲಿ, ಆರು ಮೀಟರ್ ಎತ್ತರದಲ್ಲಿ ಇದ್ದರೆ ಸಿಗುವುದು 58,800 ಜೂಲ್. 9 ವ್ಯಾಟಿನ ಒಂದು ಬಲ್ಬು ಎರಡು ಗಂಟೆಯೂ ಉರಿಯುವುದಿಲ್ಲ.