ಸಣ್ಣ ಊರಿನ ಕಮ್ಯುನಿಟಿ ಕಾಲೇಜಿಗೆ ಸೇರುವ ಮುನ್ನ

ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಬಾದಾಮಿ ತೋಟಗಳ ನಡುವೆ ಇರುವ ಈ ಸಣ್ಣ ಊರಿಗೆ ನಾವು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದದ್ದು 2013ರ ಬೇಸಿಗೆಯಲ್ಲಿ, ಮಗನ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ. ಅವನು ಇಲ್ಲಿ ಎರಡು ವರ್ಷ ಹೈಸ್ಕೂಲು ಓದಿ 2015ರಲ್ಲಿ ಊರಿನ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಸೇರಿದ. ಆಗ ನಾನು ಮಾಡಿದ ಮೊದಲ ತಪ್ಪು, ಆ ಸಂಗತಿಯನ್ನು ಮುಚ್ಚಿಟ್ಟದ್ದು. ಅಕ್ಕನಿಗೆ ಫೋನಿನಲ್ಲಿ "ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ" ಎಂದಷ್ಟೇ ಹೇಳಿದೆ. ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಯಾರೋ ಕಾಲೇಜಿನ ಹೆಸರು ಕೇಳಿದಾಗ ಮಾತು ತಿರುಗಿಸಿದೆ. ಮಗ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ. ಅವನು ಏನೂ ಹೇಳಲಿಲ್ಲ, ಆದರೆ ಆ ದಿನದ ನಂತರ ಕಾಲೇಜಿನ ವಿಷಯವನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟ. ಮುಂದೆ ನಡೆದ ಎಷ್ಟೋ ಎಡವಟ್ಟುಗಳು ನನಗೆ ಸಕಾಲಕ್ಕೆ ತಿಳಿಯದೆ ಹೋದದ್ದಕ್ಕೆ ಆ ಮೌನವೇ ಕಾರಣವೆಂದು ಇಂದಿಗೂ ನಂಬಿದ್ದೇನೆ.

ಸಿಇಟಿ ರ‍್ಯಾಂಕು, ಮೆರಿಟ್ ಸೀಟು, ಪೇಮೆಂಟ್ ಸೀಟು ಎಂಬ ಲೆಕ್ಕದಲ್ಲಿ ಬೆಳೆದ ನಮಗೆ, ಪ್ರವೇಶ ಪರೀಕ್ಷೆಯಿಲ್ಲದೆ ಬಾಗಿಲು ತೆರೆದಿಟ್ಟಿರುವ ಕಾಲೇಜು ಎಂದರೆ ಎಲ್ಲಿಯೂ ಸೀಟು ಸಿಗದವರು ಸೇರುವ ಜಾಗವೆಂದೇ ತೋರುತ್ತದೆ. ಇಲ್ಲಿ ಹಾಗಲ್ಲ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಕಾಲೇಜಿನಿಂದ ಮೊದಲುಗೊಂಡು, ವಿಶ್ವವಿದ್ಯಾಲಯದ ಮೊದಲೆರಡು ವರ್ಷಗಳ ಪಾಠವನ್ನು ಜನರ ಮನೆಯ ಸಮೀಪದಲ್ಲೇ, ಕೈಗೆಟುಕುವ ಶುಲ್ಕದಲ್ಲಿ ಕಲಿಸಬೇಕೆಂಬ ಉದ್ದೇಶದಿಂದಲೇ ಈ ಕಾಲೇಜುಗಳು ಬೆಳೆದವು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂತಹವು 116 ಇವೆ. ಪ್ರತಿ ಕೋರ್ಸಿನ ತೂಕವನ್ನು ಇಲ್ಲಿ ಯೂನಿಟ್ ಎಂಬ ಲೆಕ್ಕದಲ್ಲಿ ಎಣಿಸುತ್ತಾರೆ. ರಾಜ್ಯದ ನಿವಾಸಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. 60 ಯೂನಿಟ್ ಮುಗಿಸಿ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಿದರೆ, ಕೊನೆಗೆ ಕೈಗೆ ಬರುವುದು ಆ ವಿಶ್ವವಿದ್ಯಾಲಯದ ಪದವಿಯೇ. ಇದನ್ನು ನಿಮ್ಮ ಬಂಧುಗಳಿಗೆ ಮೊದಲ ದಿನವೇ, ಮಗುವಿನ ಎದುರಿಗೇ, ತಲೆಯೆತ್ತಿ ಹೇಳಿ.

ಎರಡನೆಯ ತಪ್ಪಿಗೆ ನಾವು ತೆತ್ತ ಬೆಲೆ ಒಂದು ಪೂರ್ತಿ ವರ್ಷ. 2016ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲಿನ ಮುಹೂರ್ತದಲ್ಲಿ, ಅಕ್ಕನ ಮಗಳ ಮದುವೆ ಇತ್ತು. ಸೆಮಿಸ್ಟರ್ ಶುರುವಾಗಿ ಒಂದು ವಾರ ಕಳೆದ ಮೇಲೆ ಹಿಂದಿರುಗಿದರೆ ಏನೂ ನಷ್ಟವಿಲ್ಲವೆಂದು ನಾನೇ ಮಗನಿಗೆ ಒತ್ತಾಯ ಮಾಡಿದೆ, ಏಕೆಂದರೆ ನಾನು ಓದಿದ ಕಾಲೇಜಿನಲ್ಲಿ ಮೊದಲ ವಾರ ಪಾಠ ನಡೆದದ್ದನ್ನು ಕಂಡೇ ಇರಲಿಲ್ಲ. ಇಲ್ಲಿ ಮೊದಲ ತರಗತಿಗೆ ಬಾರದವರ ಹೆಸರನ್ನು ಅಧ್ಯಾಪಕರು ತೆಗೆದುಹಾಕಿ, ವೇಯ್ಟ್‌ಲಿಸ್ಟ್‌ನಲ್ಲಿ ಕಾಯುತ್ತಾ ಬಾಗಿಲ ಬಳಿ ನಿಂತ ವಿದ್ಯಾರ್ಥಿಗೆ ಆ ಸ್ಥಳ ಕೊಡುತ್ತಾರೆ. ನಾವು ಮರಳಿ ಬಂದಾಗ ಭೌತಶಾಸ್ತ್ರದ ತರಗತಿಯಲ್ಲಿ ಅವನ ಹೆಸರಿರಲಿಲ್ಲ. ಶುಲ್ಕ ಕಟ್ಟಿದ್ದೇವೆ, ಮದುವೆಗೆ ಹೋಗಿದ್ದೆವು ಎಂದು ವಿನಂತಿಸಿಕೊಂಡು ಪತ್ರ ಬರೆಸಿದೆ. ತರಗತಿ ತುಂಬಿತ್ತು, ಅವರು ನಿಯಮದಂತೆಯೇ ನಡೆದುಕೊಂಡಿದ್ದರು.

ದೊಡ್ಡ ನಗರದ ಕಾಲೇಜಾಗಿದ್ದರೆ ಮುಂದಿನ ಸೆಮಿಸ್ಟರಿನಲ್ಲಿ ಅದೇ ಕೋರ್ಸು ಮತ್ತೆ ಸಿಗುತ್ತಿತ್ತೇನೋ. ಸಣ್ಣ ಕಾಲೇಜಿನ ಬಗ್ಗೆ ನೀವು ತಿಳಿದುಕೊಳ್ಳಲೇಬೇಕಾದ ಸಂಗತಿ ಇದು: ಅಲ್ಲಿ ಭೌತಶಾಸ್ತ್ರ, ಮೇಲಿನ ಹಂತದ ಗಣಿತ, ಸಾವಯವ ರಸಾಯನಶಾಸ್ತ್ರ ಮುಂತಾದವು ವರ್ಷಕ್ಕೆ ಒಂದೇ ಬಾರಿ ನಡೆಯಬಹುದು, ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಶುರುವಾಗುವ ಮುನ್ನವೇ ರದ್ದಾಗಲೂಬಹುದು. ನನ್ನ ಮಗನಿಗೆ ಬೇಕಿದ್ದ ಮೂರು ಭೌತಶಾಸ್ತ್ರದ ಕೋರ್ಸುಗಳು ಒಂದರ ನಂತರ ಒಂದು ಮುಗಿಸಬೇಕಾದವು, ಮೊದಲನೆಯದು ಜನವರಿಯಲ್ಲಿ ಶುರುವಾಗುವ ವಸಂತದ ಸೆಮಿಸ್ಟರಿನಲ್ಲಿ ಮಾತ್ರ ಇತ್ತು. ಹಾಗಾಗಿ 2017ರಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಿದ್ದವನು ಹೋದದ್ದು 2018ರಲ್ಲಿ. ಆ ವರ್ಷವೇ ಅವನಿಗೆ 21 ತುಂಬಿತು. ಕಾಯಂ ವಾಸದ ಗ್ರೀನ್ ಕಾರ್ಡಿನ ಸಾಲಿನಲ್ಲಿ ಇನ್ನೂ ನಿಂತಿದ್ದ ನಮ್ಮ ಮನೆಯಲ್ಲಿ ಅದರ ಅರ್ಥ, ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ 21 ತುಂಬುವವರೆಗೆ ಮಾತ್ರ ಸಿಗುವ ಎಚ್-4 ವೀಸಾ ಕಳೆದುಕೊಂಡು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೊರಗಿನವರ ಶುಲ್ಕ ಕಟ್ಟುವುದು. ಆ ಒಂದು ವರ್ಷ ಕೈತಪ್ಪದಿದ್ದರೆ, ವಿಶ್ವವಿದ್ಯಾಲಯದ ಎರಡು ವರ್ಷಗಳಲ್ಲಿ ಒಂದಾದರೂ ನಿವಾಸಿಯ ಶುಲ್ಕದಲ್ಲಿ ಮುಗಿಯುತ್ತಿತ್ತು. ಎಚ್-4ನಲ್ಲಿರುವ ಮಕ್ಕಳ ತಂದೆತಾಯಂದಿರೇ, ದಯವಿಟ್ಟು ಮಗುವಿನ 21ನೆಯ ಹುಟ್ಟುಹಬ್ಬದಿಂದ ಹಿಂದಕ್ಕೆ ಎಣಿಸುತ್ತಾ ಬಂದು ಕೋರ್ಸುಗಳ ಪಟ್ಟಿ ಮಾಡಿ.

ಆ ಪಟ್ಟಿಯನ್ನು ಮನೆಯಲ್ಲಿ ಕುಳಿತು ನೀವೊಬ್ಬರೇ ಮಾಡಬಾರದು. ಕಾಲೇಜಿನಲ್ಲಿ ಕೌನ್ಸೆಲರ್ ಇರುತ್ತಾರೆ. ಆ ಹೆಸರು ಕೇಳಿ, ಏನೋ ತೊಂದರೆಯಾದ ಮಕ್ಕಳು ಮಾತ್ರ ಅವರ ಬಳಿ ಹೋಗುವುದೆಂದು ನಾನು ತಿಳಿದಿದ್ದೆ. ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ವಿಭಾಗಕ್ಕೆ ಸಲ್ಲುತ್ತದೆ ಎಂಬುದನ್ನು ಅಸಿಸ್ಟ್ ಎಂಬ ರಾಜ್ಯದ ಜಾಲತಾಣದಲ್ಲಿ ತೆರೆದು ತೋರಿಸುವವರು, ಯಾವ ತರಗತಿ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆಂದು ಬಲ್ಲವರು ಅವರೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್, ತಾವು ನಿಗದಿಪಡಿಸಿದ ಕೋರ್ಸು ಮತ್ತು ಗ್ರೇಡು ಪೂರೈಸಿದವರಿಗೆ ಮುಂಚಿತವಾಗಿಯೇ ಪ್ರವೇಶದ ಭರವಸೆ ಕೊಡುತ್ತವೆ. ಅದಕ್ಕೆ ಸೆಪ್ಟೆಂಬರ್ ತಿಂಗಳಲ್ಲೇ ಅರ್ಜಿ ಹಾಕಬೇಕು, ಮತ್ತು ಎಲ್ಲಾ ವಿಭಾಗಗಳಿಗೂ ಅದು ಅನ್ವಯಿಸುವುದಿಲ್ಲ. ಇವೆಲ್ಲ ನನಗೆ ತಿಳಿದದ್ದು ಮಗನ ಎರಡನೆಯ ವರ್ಷದಲ್ಲಿ, ಅವನ ಸಹಪಾಠಿಯೊಬ್ಬನ ತಾಯಿಯಿಂದ. ದ್ರಾಕ್ಷಿ ಕೊಯ್ಲಿನ ಕೆಲಸ ಮಾಡುತ್ತಿದ್ದ, ಇಂಗ್ಲಿಷ್ ಅಷ್ಟಾಗಿ ಬಾರದಿದ್ದ ಆಕೆ ತಮ್ಮ ಮಗನನ್ನು ಮೊದಲ ತಿಂಗಳೇ ಕೌನ್ಸೆಲರ್ ಬಳಿಗೆ ಕರೆದುಕೊಂಡು ಹೋಗಿದ್ದರು.

ಗುರುಗಳ ಎದುರು ಕೈಕಟ್ಟಿ ನಿಲ್ಲುವ ಅಭ್ಯಾಸವನ್ನೂ ನಾವೇ ಮಕ್ಕಳಿಗೆ ಕಲಿಸಿರುತ್ತೇವೆ. ಸಣ್ಣ ಕಾಲೇಜಿನ ನಿಜವಾದ ಸಂಪತ್ತು ಅಧ್ಯಾಪಕರ ಸಾಮೀಪ್ಯ: ಮುಖ್ಯವಾಗಿ ಪಾಠ ಮಾಡುವುದಕ್ಕೆಂದೇ ನೇಮಕಗೊಂಡವರು, ವಿದ್ಯಾರ್ಥಿಯ ಹೆಸರು ಹಿಡಿದು ಕರೆಯುವವರು, ವಾರದಲ್ಲಿ ಕೆಲವು ಗಂಟೆ ತಮ್ಮ ಕೋಣೆಯ ಬಾಗಿಲು ತೆರೆದು ಕುಳಿತಿರುವವರು. ಪ್ರಶ್ನೆ ಕೇಳಿದರೆ ದಡ್ಡನೆಂದು ತಿಳಿದಾರೆಂಬ ಅಂಜಿಕೆಯಿಂದ ನನ್ನ ಮಗ ಮೊದಲ ವರ್ಷ ಒಮ್ಮೆಯೂ ಆ ಬಾಗಿಲು ತಟ್ಟಲಿಲ್ಲ. ಮುಂದೆ ಭೌತಶಾಸ್ತ್ರದ ಅಧ್ಯಾಪಕರ ಕೋಣೆಗೆ ಹೋಗಲು ಆರಂಭಿಸಿದವನಿಗೆ ಅವರು ಬರೆದುಕೊಟ್ಟ ಶಿಫಾರಸು ಪತ್ರವನ್ನು ಓದಿದಾಗ, ನನ್ನ ಮಗನನ್ನು ಅವರು ನನಗಿಂತ ಚೆನ್ನಾಗಿ ಬಲ್ಲರೆಂದು ಅನಿಸಿತು.

ಕಾಗದಪತ್ರದ ಕೆಲಸ ಕಷ್ಟದ್ದಲ್ಲ. ನಿವಾಸಿಯ ಶುಲ್ಕ ಸಿಗಲು, ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ವಾಸವಿದ್ದುದಕ್ಕೆ ಪುರಾವೆಯಾಗಿ ಬಾಡಿಗೆ ಕರಾರು, ತೆರಿಗೆ ಪತ್ರ, ಚಾಲನಾ ಪರವಾನಗಿ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬಿದರೆ ಸಾಕು.

ಕರ್ನಾಟಕದಿಂದಲೇ ಎಫ್-1 ವೀಸಾದಲ್ಲಿ ಇಂತಹ ಕಾಲೇಜಿಗೆ ಬರುವ ಯೋಚನೆಯಿರುವ ವಿದ್ಯಾರ್ಥಿಗಳಿಗೂ ಒಂದು ಮಾತು. ಹೊರಗಿನವರ ಶುಲ್ಕ ನಿವಾಸಿಗಳದ್ದಕ್ಕಿಂತ ಹಲವು ಪಟ್ಟು. ಪ್ರತಿ ಸೆಮಿಸ್ಟರ್ 12 ಯೂನಿಟ್ ಇರಲೇಬೇಕು. ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಮಾತ್ರ ಕೆಲಸ ಮಾಡಬಹುದು. ಬಹುಪಾಲು ಕಮ್ಯುನಿಟಿ ಕಾಲೇಜುಗಳಲ್ಲಿ ಹಾಸ್ಟೆಲ್ ಇಲ್ಲ, ನಮ್ಮಂತಹ ಊರುಗಳಲ್ಲಿ ಸಂಜೆಯ ಮೇಲೆ ಬಸ್ಸೂ ಇಲ್ಲ. ಬಿ.ಇ. ಮುಗಿಸಿದವರಿಗೆ ಇಲ್ಲಿನ ಎರಡು ವರ್ಷದ ಪದವಿಯಿಂದ ಪ್ರಯೋಜನವಿಲ್ಲ. ಪಿಯುಸಿ ಮುಗಿಸಿ ಬರುವವರು ಎಲ್ಲಿ ಮಲಗುತ್ತೇನೆ, ಹೇಗೆ ಓಡಾಡುತ್ತೇನೆ ಎಂಬುದನ್ನು ವಿಮಾನದ ಟಿಕೆಟ್ ತೆಗೆಯುವ ಮೊದಲೇ ಗಟ್ಟಿಮಾಡಿಕೊಳ್ಳಬೇಕು.

ಮಗನ ಮೂರನೆಯ ವರ್ಷದಲ್ಲಿ ನಾನೂ ಅದೇ ಕಾಲೇಜಿಗೆ ಸೇರಿದೆ. ಪಿಯುಸಿ ಆದ ಮೇಲೆ ಬಿ.ಕಾಂ. ಮೊದಲ ವರ್ಷಕ್ಕೇ ಮದುವೆಯಾಗಿ ಓದು ಬಿಟ್ಟಿದ್ದವಳು, ಶಿಶು ಶಿಕ್ಷಣದ ಕೋರ್ಸುಗಳಿಗೆಂದು ಹೋದೆ. ನನ್ನ ಸಾಲಿನಲ್ಲಿ ಸೈನ್ಯದಿಂದ ನಿವೃತ್ತನಾಗಿ ಬಂದ ಯುವಕನಿದ್ದ, ಮೊಮ್ಮಕ್ಕಳಿದ್ದ ಅಜ್ಜಿಯಿದ್ದರು. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಯಾರ ಹೆಂಡತಿ, ಯಾರ ತಾಯಿ ಎಂದು ಹೇಳದೆಯೇ ನನ್ನನ್ನು ಪರಿಚಯಿಸಿಕೊಂಡದ್ದು ಅಲ್ಲಿ. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಬಹುದೆಂದು ಕೌನ್ಸೆಲರ್ ನನ್ನ ಹಳೆಯ ಅಂಕಪಟ್ಟಿಗಳನ್ನು ಬಿಡಿಸಿ ನೋಡುತ್ತಾ, ಯಾವ ಭಾಷೆಯಲ್ಲಿ ಓದಿದ್ದು ಎಂದು ಕೇಳಿದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ ಎಂದು ನಾನು ತುಸು ಸಂಕೋಚದಿಂದಲೇ ಹೇಳಿದೆ. ಆರನೆಯ ತರಗತಿಯಿಂದ ಮೇಲೆ ಕನಿಷ್ಠ ಎರಡು ವರ್ಷ ಇಂಗ್ಲಿಷಲ್ಲದ ಭಾಷೆಯ ಮಾಧ್ಯಮದಲ್ಲಿ ಓದಿದವರಿಗೆ, ಆಗಿನ ವರ್ಗಾವಣೆಯ ನಿಯಮಗಳಲ್ಲಿದ್ದ ಎರಡನೆಯ ಭಾಷೆಯ ಅಗತ್ಯ ಪೂರೈಸಿದಂತೆಯೇ ಸರಿ ಎಂದು ಅವರು ವಿವರಿಸಿ, ಆ ಅಂಕಣದಲ್ಲಿ ಕನ್ನಡ ಎಂದು ಬರೆದುಕೊಂಡರು.

ಮನೆಗೆ ಬಂದು ಮಗನಿಗೆ ಹೇಳಿದೆ. ಅವನನ್ನು ನಾವು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೆವು, ಅಂಕ ಹೆಚ್ಚು ಬರುತ್ತದೆಂದು ಪ್ರಥಮ ಭಾಷೆಯಾಗಿಯೂ ಕನ್ನಡ ಬಿಡಿಸಿ ಸಂಸ್ಕೃತ ಕೊಡಿಸಿದ್ದೆವು. ಅದೇ ಅಗತ್ಯಕ್ಕಾಗಿ ಅವನು ಬೇಸಿಗೆ ರಜೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ. "ಅಮ್ಮ, ನಿನ್ನ ಶಾಲೆಗೇ ನನ್ನನ್ನೂ ಹಾಕಬಹುದಿತ್ತಲ್ಲ" ಎಂದ, ಆಪಾದನೆಯ ಧ್ವನಿಯಲ್ಲೇನೂ ಅಲ್ಲ. ಆ ಶಾಲೆ ಇರುವುದು ನಮ್ಮ ಸಾಗರದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ.